ರಾತ್ರಿ ಕಂಡ ಬೆಳಕು, ಬೆಳಿಗ್ಗೆ ಬಂದ ಅಧಿಕಾರಿ



ವಿಜ್ಞಾನಕ್ಕೂ ಜನಸಾಮಾನ್ಯರಿಗೂ ನಡುವಿನ ಯಾವುದಾದರೊಂದು ವಿಷಯವನ್ನು ಎತ್ತಿಕೊಂಡು ವರ್ಷಕ್ಕೊಮ್ಮೆ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಆಹ್ವಾನಪತ್ರಿಕೆ ನೋಡಿದ ಕೆಲವರು, "ಏನ್ರೀ, ಹಾರುವ ತಟ್ಟೆ ಇದೆ ಅಂತೀರೋ ಇಲ್ಲ ಅಂತೀರೋ?" ಎಂದು ಮೊದಲೇ ಕೇಳಿದರು. ತೇಜಸ್ವಿಯವರ 'ಫ್ಲೈಯಿಂಗ್ ಸಾಸರ್ಸ್' ಓದಿ ಬೆಳೆದ ತಲೆಮಾರು ಈ ಸಭೆಯಲ್ಲಿ ಸಾಕಷ್ಟಿದೆ. ಅವರ ಕುತೂಹಲ ನನಗೆ ಅರ್ಥವಾಗುತ್ತದೆ. ಆದರೆ ಅವರಿಗೆ ಇವತ್ತು ನಿರಾಸೆ ಕಾದಿದೆ. ನನ್ನ ಪ್ರಶ್ನೆ ಅದಕ್ಕಿಂತ ಸಣ್ಣದು, ಕಚೇರಿ ಕಡತಗಳಿಗೆ ಸೇರಿದ್ದು. ಒಬ್ಬ ರೈತನೋ ವಿದ್ಯಾರ್ಥಿನಿಯೋ ಪೊಲೀಸ್ ಠಾಣೆಗೆ ಫೋನ್ ಮಾಡಿ, "ಆಕಾಶದಲ್ಲಿ ಏನೋ ಕಂಡೆ, ಅದು ಏನು ಅಂತ ಗೊತ್ತಾಗಲಿಲ್ಲ" ಎಂದರೆ ಸರ್ಕಾರ ಏನು ಮಾಡುತ್ತದೆ? ಏನು ಮಾಡಬೇಕು?

ಇದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1966ರ ಮಾರ್ಚ್‌ನಲ್ಲಿ ನಡೆದ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆ ತಿಂಗಳ ಮಧ್ಯದಿಂದಲೇ ಆನ್ ಆರ್ಬರ್ ನಗರದ ಸುತ್ತಮುತ್ತ ಪೊಲೀಸರು ರಾತ್ರಿ ಪಾಳಿಯಲ್ಲಿ ವಿಚಿತ್ರ ಬೆಳಕುಗಳನ್ನು ಕಂಡೆವೆಂದು ವರದಿ ಕೊಡುತ್ತಿದ್ದರು. ಮಾರ್ಚ್ 20, ಭಾನುವಾರ ರಾತ್ರಿ, ಡೆಕ್ಸ್‌ಟರ್ ಎಂಬ ಊರಿನ ಹೊರಗೆ ತೋಟದ ಮನೆಯೊಂದರ ಯಜಮಾನನಿಗೂ ಅವನ ಮಗನಿಗೂ ಮನೆ ಹಿಂದಿನ ಜೌಗಿನ ಮೇಲೆ ಬೆಳಕು ಕಂಡಿತು. ಇಬ್ಬರೂ ಆ ಕತ್ತಲಲ್ಲಿ ಕೆಸರು ತುಳಿದುಕೊಂಡು ಅದರ ಹತ್ತಿರ ಹೋದರು. ಅದಕ್ಕೆ ಆಕಾರವಿತ್ತು, ಒರಟು ಮೈಯಿತ್ತು, ಬಣ್ಣ ಬದಲಾಗುತ್ತಿತ್ತು ಎಂದು ತಂದೆ ಹೇಳಿದ. ಪೊಲೀಸರು ಬಂದರು, ಅಕ್ಕಪಕ್ಕದವರು ಬಂದರು, ಹಲವರು ಬೆಳಕನ್ನು ಕಂಡೆವೆಂದರು. ಮರುದಿನ ರಾತ್ರಿ, ಅಲ್ಲಿಂದ ನೈಋತ್ಯಕ್ಕಿರುವ ಹಿಲ್ಸ್‌ಡೇಲ್ ಕಾಲೇಜಿನ ಹಾಸ್ಟೆಲ್ ಕಿಟಕಿಗಳಿಂದ 87 ವಿದ್ಯಾರ್ಥಿನಿಯರು, ಜೊತೆಗೆ ಜಿಲ್ಲೆಯ ನಾಗರಿಕ ರಕ್ಷಣಾ ವಿಭಾಗದ ಅಧಿಕಾರಿ, ಕಾಲೇಜಿನ ಸಸ್ಯೋದ್ಯಾನದ ತಗ್ಗಿನಲ್ಲಿ ಹೊಳೆಯುವ ಬೆಳಕೊಂದನ್ನು ಬಹಳ ಹೊತ್ತು ನೋಡಿದರು.

ಪತ್ರಿಕೆಗಳಿಗೆ ಸುಗ್ಗಿ. ಓಹಿಯೋದ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿದ್ದ 'ಪ್ರಾಜೆಕ್ಟ್ ಬ್ಲೂ ಬುಕ್' ಕಚೇರಿಗೆ ಬಿಸಿ ತಟ್ಟಿತು.

ಈ ಕಚೇರಿಯ ಬಗ್ಗೆ ಸ್ವಲ್ಪ ಹೇಳಬೇಕು. 1947ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಹಾರುವ ತಟ್ಟೆಗಳ ಸುದ್ದಿ ಹಬ್ಬಿದ ಮೇಲೆ ಅಲ್ಲಿನ ವಾಯುಪಡೆ 1948ರಲ್ಲಿ 'ಸೈನ್', ಮರುವರ್ಷ 'ಗ್ರಜ್', 1952ರಲ್ಲಿ 'ಬ್ಲೂ ಬುಕ್' ಎಂದು ಒಂದರ ಹಿಂದೆ ಒಂದು ತನಿಖಾ ವಿಭಾಗ ತೆರೆಯಿತು. ಹೆಸರು ದೊಡ್ಡದು, ಕಚೇರಿ ಚಿಕ್ಕದು. 1966ರಲ್ಲಿ ಅದರ ಮುಖ್ಯಸ್ಥ ಮೇಜರ್ ಹೆಕ್ಟರ್ ಕ್ವಿಂಟನಿಲ್ಲಾ. ಅವರ ಕೈಕೆಳಗಿದ್ದ ಸಿಬ್ಬಂದಿಯನ್ನು ಬೆರಳಲ್ಲಿ ಎಣಿಸಬಹುದಿತ್ತು. ಇಡೀ ದೇಶದಿಂದ ಬರುವ ವರದಿಗಳನ್ನು ಇವರೇ ವಿಲೇವಾರಿ ಮಾಡಬೇಕು. ನಮ್ಮ ತಾಲೂಕು ಕಚೇರಿ ಬಲ್ಲವರಿಗೆ ವಿಲೇವಾರಿ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅವರಿಗೆ ಸಲಹೆಗಾರರಾಗಿ ಇದ್ದವರು ಖಗೋಳ ವಿಜ್ಞಾನಿ ಜೆ. ಆಲೆನ್ ಹೈನೆಕ್. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗಿನಿಂದ, ಅಂದರೆ 1948ರಿಂದ, ವಾಯುಪಡೆಗೆ ಈ ಕೆಲಸ ಮಾಡಿಕೊಡುತ್ತಿದ್ದರು. ಇದು ನಕ್ಷತ್ರ, ಇದು ಉಲ್ಕೆ, ಇದು ಶುಕ್ರಗ್ರಹ ಎಂದು ಬೇರ್ಪಡಿಸುವುದು ಅವರ ಪಾಲಿನ ಕೆಲಸ. 1966ರ ಹೊತ್ತಿಗೆ ಅವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಖಗೋಳ ವಿಭಾಗದ ಮುಖ್ಯಸ್ಥರು. (ಅವರು ಹುಟ್ಟಿದ್ದು 1910ರಲ್ಲಿ, ತೀರಿಕೊಂಡದ್ದು 1986ರಲ್ಲಿ. ಎರಡು ಸಲವೂ ಹ್ಯಾಲಿ ಧೂಮಕೇತು ಬಂದಿತ್ತು. ಕಾಕತಾಳೀಯ, ಅಷ್ಟೇ. ಆದರೂ ಹೇಳದೆ ಇರಲಾಗಲಿಲ್ಲ.)

ಹೈನೆಕ್ ಮಿಷಿಗನ್‌ಗೆ ಹೋಗಿ ಇಳಿದಾಗ ಅಲ್ಲಿ ಜಾತ್ರೆ ನೆರೆದಿತ್ತು. ಅವರೇ ಆಮೇಲೆ ಬರೆದುಕೊಂಡ ಒಂದು ಪ್ರಸಂಗ ಇದೆ. ರಾತ್ರಿ ಪೊಲೀಸ್ ಕಾರಿನಲ್ಲಿ ಸುತ್ತುತ್ತಿದ್ದಾಗ ವೈರ್‌ಲೆಸ್‌ನಲ್ಲಿ ಒಂದರ ಮೇಲೊಂದು ಕರೆ. ಒಂದು ಕೂಡುರಸ್ತೆಯಲ್ಲಿ ಹಲವು ಕಾರುಗಳು ಬಂದು ಸೇರಿದವು. ಪೊಲೀಸರು ಆಕಾಶದತ್ತ ಕೈ ತೋರಿಸಿ, ನೋಡಿ ಅಲ್ಲಿ, ಚಲಿಸುತ್ತಿದೆ ಎಂದು ಕೂಗಿದರು. ಹೈನೆಕ್ ನೋಡಿದರು. ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಹಿಡಿದು ಮುಂದೆ ಸಾಗಿದರೆ ಸಿಗುವ ಪ್ರಕಾಶಮಾನ ತಾರೆ ಯಾವುದು? ನಮ್ಮ ಸ್ವಾತಿ. ಆ ರಾತ್ರಿ ಪೊಲೀಸರು ಬೆನ್ನಟ್ಟಿದ್ದು ಸ್ವಾತಿ ನಕ್ಷತ್ರವನ್ನು.

ನಗಬೇಡಿ. ಕಗ್ಗತ್ತಲಲ್ಲಿ ಹತ್ತಿರದಲ್ಲಿ ಗುರುತಿಗೆ ಗೋಡೆಯೋ ಕಂಬವೋ ಇಲ್ಲದಿದ್ದಾಗ ಒಂಟಿ ಚುಕ್ಕಿಯನ್ನು ದಿಟ್ಟಿಸಿ ನೋಡುತ್ತಿದ್ದರೆ ಅದು ಅಲುಗಿದಂತೆ ಕಾಣುತ್ತದೆ. ಕಣ್ಣುಗುಡ್ಡೆ ಒಂದೇ ಕಡೆ ನಿಲ್ಲುವುದಿಲ್ಲ, ತಾನು ಅಲುಗಿದ್ದನ್ನು ಚುಕ್ಕಿ ಅಲುಗಿದ್ದೆಂದು ಮಿದುಳು ಲೆಕ್ಕ ಹಾಕುತ್ತದೆ. ಚಲಿಸುವ ಕಾರಿನಿಂದ ನೋಡಿದರಂತೂ ಅದು ನಮ್ಮ ಜೊತೆಯಲ್ಲೇ ಓಡಿಬರುತ್ತದೆ. ಇವತ್ತು ರಾತ್ರಿ ನೀವೇ ಮನೆ ಮಹಡಿಯ ಮೇಲೆ ಪರೀಕ್ಷಿಸಿ ನೋಡಬಹುದು.

ಮಾರ್ಚ್ 25ಕ್ಕೆ ಡೆಟ್ರಾಯಿಟ್‌ನಲ್ಲಿ ಪತ್ರಿಕಾಗೋಷ್ಠಿ ಕರೆದರು. ವಿಚಾರಣೆ ಇನ್ನೂ ಹಸಿ. ಪತ್ರಕರ್ತರು ಕಿಕ್ಕಿರಿದಿದ್ದರು, ಟಿವಿ ಕ್ಯಾಮೆರಾಗಳು ಬಂದಿದ್ದವು. ಎಲ್ಲರಿಗೂ ಒಂದು ಉತ್ತರ ಬೇಕಾಗಿತ್ತು, ವಾಯುಪಡೆಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಹೈನೆಕ್ ಹೇಳಿದ್ದು ಇಷ್ಟು: ಡೆಕ್ಸ್‌ಟರ್ ಮತ್ತು ಹಿಲ್ಸ್‌ಡೇಲ್, ಈ ಎರಡು ಕಡೆ ಕಂಡದ್ದು ಜೌಗು ಅನಿಲದ ಬೆಳಕಾಗಿರಬಹುದು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದ ಜೌಗು ಮಾರ್ಚ್‌ನಲ್ಲಿ ಕರಗುವಾಗ ತಳದಲ್ಲಿ ಕೊಳೆತ ಸೊಪ್ಪುಸದೆಯಿಂದ ಹುಟ್ಟಿದ ಮೀಥೇನ್, ಜೊತೆಗೆ ರಂಜಕದ ಅನಿಲಗಳು ಮೇಲೆದ್ದು ಬರುತ್ತವೆ, ಕೆಲವು ಸಲ ಮಂದವಾಗಿ ಹೊತ್ತಿ ಉರಿಯುತ್ತವೆ. ಕೆಲವು ಹುಡುಗರು ತಮಾಷೆಗೆ ಫ್ಲೇರ್ ಹಚ್ಚಿ ಹಾರಿಸಿರುವ ಸಾಧ್ಯತೆಯೂ ಇದೆ ಎಂದರು. ಇದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಲಾರೆ ಎಂದೂ, ಉಳಿದ ಎಲ್ಲ ಪ್ರಕರಣಗಳಿಗೆ ಇದೇ ವಿವರಣೆ ಅಲ್ಲವೆಂದೂ ಸೇರಿಸಿದರು.

ಕರ್ನಾಟಕದ ಹಳ್ಳಿಗನಿಗೆ ಈ ವಿವರಣೆ ಹೊಸತಲ್ಲ. ಸ್ಮಶಾನದ ಬದಿಯಲ್ಲಿ, ಕೆರೆಯ ಹಿನ್ನೀರಿನಲ್ಲಿ ರಾತ್ರಿ ಹೊತ್ತಿ ಆರುವ ಕೊಳ್ಳಿದೆವ್ವದ ಕತೆ ಕೇಳದೆ ಬೆಳೆದವರು ಕಡಿಮೆ. ಕೊಳ್ಳಿದೆವ್ವದ ಹಿಂದಿನ ರಸಾಯನಶಾಸ್ತ್ರವನ್ನು ನಮ್ಮ ವಿಜ್ಞಾನದ ಮೇಷ್ಟ್ರುಗಳು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಆದರೆ ಅದು ಪ್ರಯೋಗಶಾಲೆಯಲ್ಲಿ ಸುಲಭವಾಗಿ ಪಳಗುವ ವಿದ್ಯಮಾನವಲ್ಲ. ಹೈನೆಕ್ ಆಯ್ದುಕೊಂಡದ್ದು ಹಾಸ್ಯಾಸ್ಪದ ಉತ್ತರ ಎಂದು ನಾನು ಹೇಳುವುದಿಲ್ಲ. ಅದು ಸಾಧ್ಯವಿದ್ದ ಉತ್ತರ, ಪರೀಕ್ಷೆಯಾಗದ ಉತ್ತರ. ಗೋಷ್ಠಿಗೆ ಮೊದಲು ಜೌಗಿನ ಅನಿಲ ಹಿಡಿದು ನೋಡಲಾಗಲಿ, ಹಲವು ರಾತ್ರಿ ಅಲ್ಲಿ ಕಾವಲು ಕೂರಲಾಗಲಿ ಬಿಡುವಿರಲಿಲ್ಲ.

ಮರುದಿನದ ಪತ್ರಿಕೆಗಳಲ್ಲಿ "ಇರಬಹುದು" ಮಾಯವಾಯಿತು, "ಜೌಗು ಅನಿಲ" ಉಳಿಯಿತು. ವ್ಯಂಗ್ಯಚಿತ್ರಕಾರರಿಗೆ ಹಬ್ಬ. ಡೆಕ್ಸ್‌ಟರ್‌ನ ಆ ಮನೆಯವರು ಊರಿಗೆಲ್ಲ ನಗೆಪಾಟಲಾದರು. ಕಾಲೇಜಿನ ಹುಡುಗಿಯರು, ಠಾಣೆಯ ಪೊಲೀಸರು, ಎಲ್ಲರೂ ಕೊಳೆತ ಸೊಪ್ಪಿಗೆ ಬೆದರಿದವರು ಎಂದಾಯಿತು. ಆ ರಾಜ್ಯದಿಂದ ಆರಿಸಿ ಬಂದಿದ್ದ ಸಂಸದ, ಮುಂದೆ ರಾಷ್ಟ್ರಾಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಸುಮ್ಮನಿರಲಿಲ್ಲ. ನಮ್ಮ ಜನಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಲ್ಲಬೇಕು ಎಂದು ಸಂಸದೀಯ ವಿಚಾರಣೆಗೆ ಒತ್ತಾಯಿಸಿದರು. ಏಪ್ರಿಲ್ 5ಕ್ಕೆ ಸಶಸ್ತ್ರ ಪಡೆಗಳ ಸದನ ಸಮಿತಿಯ ಮುಂದೆ ವಾಯುಪಡೆಯ ಕಾರ್ಯದರ್ಶಿ, ಕ್ವಿಂಟನಿಲ್ಲಾ, ಹೈನೆಕ್ ಮೂವರೂ ಹಾಜರಾಗಿ ಉತ್ತರಿಸಬೇಕಾಯಿತು.

ತಪ್ಪು ಎಲ್ಲಿ ಆಯಿತು? ಹೈನೆಕ್ ಅವಸರಪಟ್ಟರು ಎನ್ನುವುದು ಸುಲಭದ ಉತ್ತರ, ಅವರೂ ಆ ಗೋಷ್ಠಿಯನ್ನು ನೆನೆದು ಆಮೇಲೆ ನೊಂದುಕೊಂಡರು. ನನಗೆ ಕಾಣುವುದು ಬೇರೆ. ಬ್ಲೂ ಬುಕ್ ಕಚೇರಿಗೆ ಬಂದ ಪ್ರಶ್ನೆ ಒಂದು, ಅದು ಉತ್ತರ ಕೊಡಲು ಹುಟ್ಟಿದ್ದ ಪ್ರಶ್ನೆ ಇನ್ನೊಂದು. ಡೆಕ್ಸ್‌ಟರ್‌ನ ಆ ತಂದೆ ಕೇಳಿದ್ದು, "ನಾನು ಕಂಡದ್ದೇನು?" ವಾಯುಪಡೆ ತನ್ನನ್ನು ತಾನೇ ಕೇಳಿಕೊಂಡದ್ದು, "ಇದರಿಂದ ದೇಶಕ್ಕೆ ಅಪಾಯವಿದೆಯೇ?" ಅದು ಶೀತಲ ಸಮರದ ಕಾಲ. ಸೋವಿಯತ್ ಬಾಂಬರ್ ಅಲ್ಲ ಎಂದು ಖಾತ್ರಿಯಾದ ಕ್ಷಣವೇ ವಾಯುಪಡೆಯ ಕೆಲಸ ಮುಗಿಯಿತು. 1953ರ ಜನವರಿಯಲ್ಲಿ ಸಿಐಎ ಕೂಡಿಸಿದ ವಿಜ್ಞಾನಿಗಳ ರಾಬರ್ಟ್‌ಸನ್ ಸಮಿತಿ ಇದನ್ನು ಬಾಯಿಬಿಟ್ಟೇ ಹೇಳಿತ್ತು: ವರದಿಗಳ ಪ್ರವಾಹದಿಂದ ಸಂಪರ್ಕ ಜಾಲ ಉಸಿರುಗಟ್ಟುವುದೇ ನಿಜವಾದ ಅಪಾಯ, ಆದ್ದರಿಂದ ಜನರ ಮನಸ್ಸಿನಿಂದ ಈ ನಿಗೂಢವನ್ನು ತೆಗೆದುಹಾಕಬೇಕು. ಅಂದಮೇಲೆ ಕಚೇರಿ ಕಡತ ಮುಚ್ಚಲು ಓಡದೆ ಇನ್ನೇನು ಮಾಡೀತು?

ಬ್ರಿಟನ್ನಿನ ರಕ್ಷಣಾ ಸಚಿವಾಲಯದಲ್ಲೂ ಇದೇ ಕತೆ. ಅರ್ಧ ಶತಮಾನ ಕಾಲ ಇಂಥ ವರದಿಗಳಿಗೆಂದೇ ಇದ್ದ ಅಲ್ಲಿನ ಮೇಜು, ಬಂದ ಪತ್ರಕ್ಕೆಲ್ಲ ರಕ್ಷಣಾ ದೃಷ್ಟಿಯಿಂದ ಮಹತ್ವವಿಲ್ಲ ಎಂಬ ಧಾಟಿಯ ಉತ್ತರ ಬರೆದು, 2009ರಲ್ಲಿ ಬಾಗಿಲು ಹಾಕಿಕೊಂಡಿತು. ಪತ್ರ ಬರೆದವನು ರಕ್ಷಣಾ ಮಹತ್ವವನ್ನು ಕೇಳಿಯೇ ಇರಲಿಲ್ಲ.

ಮಿಷಿಗನ್ ಗಲಾಟೆಯ ಫಲವಾಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಸ್ವತಂತ್ರ ಅಧ್ಯಯನದ ಗುತ್ತಿಗೆ ಹೋಯಿತು. ಮುಖ್ಯಸ್ಥರು ಹೆಸರಾಂತ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್. ಸ್ವತಂತ್ರ ಎಂಬ ಮಾತಿಗೆ ಬೇಗನೆ ಕಲೆ ಹತ್ತಿತು. ನಿಷ್ಪಕ್ಷಪಾತವಾಗಿ ಕಾಣಿಸಿಕೊಂಡು ತೀರ್ಮಾನ ಮಾತ್ರ ನಕಾರಾತ್ಮಕವಾಗುವಂತೆ ನೋಡಿಕೊಳ್ಳುವ ಉಪಾಯವನ್ನು ಯೋಜನೆಯ ಸಂಯೋಜಕರು ಮೊದಲೇ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದರು. ಅದು ಹೊರಬಿತ್ತು, ಇಬ್ಬರು ಕೆಲಸ ಕಳೆದುಕೊಂಡರು. 1969ರ ಆರಂಭದಲ್ಲಿ ಪ್ರಕಟವಾದ ಭಾರೀ ಗಾತ್ರದ ವರದಿಯ ಮೊದಲಿಗೇ ಬರುವ ತೀರ್ಮಾನಗಳಲ್ಲಿ ಕಾಂಡನ್, 21 ವರ್ಷದ ಈ ವರದಿಗಳಿಂದ ವಿಜ್ಞಾನಕ್ಕೆ ಏನೂ ಸೇರಿಲ್ಲ, ಮುಂದೆ ಸೇರುವ ಸಂಭವವೂ ಕಡಿಮೆ ಎಂದರು. ಒಳಪುಟಗಳಲ್ಲಿ ಮಾತ್ರ ವಿವರಣೆ ಸಿಗದ ಪ್ರಕರಣಗಳೂ ಇದ್ದವು. ಅದೇ ವರ್ಷ ಡಿಸೆಂಬರ್ 17ರಂದು ಬ್ಲೂ ಬುಕ್ ಮುಚ್ಚಿತು. ಒಟ್ಟು ವರದಿ 12,618, ಗುರುತು ಸಿಗದೆ ಉಳಿದದ್ದು 701.

ಆದರೆ ಕಾಂಡನ್ ವರದಿಯನ್ನು ಪೂರ್ತಿ ತೆಗೆದುಹಾಕುವವರ ಗುಂಪಿಗೆ ನಾನು ಸೇರಲಾರೆ. ಅದರಲ್ಲಿ ವಿಲಿಯಂ ಹಾರ್ಟ್‌ಮನ್ ಎಂಬ ಯುವ ಖಗೋಳ ವಿಜ್ಞಾನಿ ಬರೆದ ಒಂದು ಭಾಗವಿದೆ. ಸಾಕ್ಷಿ ಹೇಳಿಕೆಯ ಬಗ್ಗೆ ಆಸಕ್ತಿಯಿರುವ ವಕೀಲರು, ಪತ್ರಕರ್ತರು, ಚರಿತ್ರೆಕಾರರು ಎಲ್ಲರೂ ಅದನ್ನು ಓದಬೇಕು.

1968ರ ಮಾರ್ಚ್ 3ರ ರಾತ್ರಿ ಸೋವಿಯತ್ ನೌಕೆ ಝೋಂಡ್-4ರ ಉಡಾವಣೆಯ ಅವಶೇಷಗಳು ಅಮೆರಿಕದ ಟೆನೆಸಿ, ಇಂಡಿಯಾನ, ಓಹಿಯೋ ಕಡೆಯ ಆಕಾಶದಲ್ಲಿ ಉರಿಯುತ್ತ ಸಾಗಿದವು. ಹತ್ತಾರು ಜನ ವಾಯುಪಡೆಗೆ ಬರೆದರು. ಇಲ್ಲಿ ಒಂದು ಅಪರೂಪದ ಅನುಕೂಲವಿತ್ತು. ನಿಜವಾಗಿ ಕಂಡದ್ದೇನೆಂದು ತನಿಖೆಗಾರನಿಗೆ ಮೊದಲೇ ಗೊತ್ತು: ಬಹಳ ಎತ್ತರದಲ್ಲಿ, ಸದ್ದಿಲ್ಲದೆ, ಸಾಲಾಗಿ ಸಾಗಿದ ಕೆಂಡದ ತುಣುಕುಗಳು. ಬಹಳ ಜನ ಬರೆದದ್ದೂ ಅದನ್ನೇ, ಸರಿಯಾಗಿಯೇ. ಆದರೆ ಕೆಲವರು ಬರೆದದ್ದು ಒಂದು ವಾಹನದ ವರ್ಣನೆ. ಚುಟ್ಟಾದ ಆಕಾರ, ಬದಿಯಲ್ಲಿ ಬೆಳಕಿರುವ ಚೌಕ ಕಿಟಕಿಗಳು, ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ಮೈ. ಮರದ ತುದಿಯಷ್ಟೇ ಎತ್ತರದಲ್ಲಿ ಹೋಯಿತು ಎಂದವರಿದ್ದರು. ದುರ್ಬೀನಿನಲ್ಲಿ ನೋಡಿದ ಶಿಕ್ಷಕಿಯೊಬ್ಬರಿಗೆ ಕವುಚಿದ ತಟ್ಟೆಗಳ ಆಕಾರ ಕಂಡಿತು, ಜೊತೆಗಿದ್ದ ನಾಯಿ ಹೆದರಿ ಕುಯ್‌ಗುಟ್ಟಿತು ಎಂದು ಬರೆದರು.

ಯಾರೂ ಸುಳ್ಳು ಹೇಳಿರಲಿಲ್ಲ. ಕತ್ತಲಲ್ಲಿ ಒಟ್ಟಿಗೆ ಸಾಗುವ ಬೆಳಕಿನ ಚುಕ್ಕಿಗಳನ್ನು ಕಂಡಾಗ ನಡುವಿನ ಕತ್ತಲೆಗೆ ಮನಸ್ಸು ಮೈ ಕಟ್ಟುತ್ತದೆ. ಚುಕ್ಕಿಗಳು ಕಿಟಕಿಗಳಾಗುತ್ತವೆ. ಕಿಟಕಿ ಇದ್ದಮೇಲೆ ಒಳಗೆ ಯಾರೋ ಇರಲೇಬೇಕು. ಹಾರ್ಟ್‌ಮನ್ ಇನ್ನೂ ಒಂದು ಮಾತು ಗಮನಿಸಿದರು. ಹೆಚ್ಚು ಉದ್ವೇಗಗೊಂಡವರೇ ಹೆಚ್ಚು ಉದ್ದದ, ಹೆಚ್ಚು ವಿವರದ ವರದಿ ಬರೆಯುತ್ತಾರೆ. ಕಡತದಲ್ಲಿ ಎದ್ದು ಕಾಣುವುದು ಆ ವರದಿಗಳೇ.

ಸಾಕ್ಷಿ ಪ್ರಾಮಾಣಿಕ, ಸಾಕ್ಷ್ಯ ತಪ್ಪು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಡೆಟ್ರಾಯಿಟ್ ಗೋಷ್ಠಿಗೆ ಆಗಲಿಲ್ಲ. ಅಲ್ಲಿ ವಿವರಣೆ ಕೊಟ್ಟ ರೀತಿಯೇ ಕಂಡವರ ಮರ್ಯಾದೆಯ ಮೇಲೆ ತೀರ್ಪಿನಂತೆ ಕೇಳಿಸಿತು.

ಈ ವಿಷಯದಲ್ಲಿ ಫ್ರಾನ್ಸ್ ಹಿಡಿದ ದಾರಿ ನನಗೆ ಹೆಚ್ಚು ಮೆಚ್ಚುಗೆಯಾಗಿದೆ. ಅಲ್ಲಿ 1977ರಲ್ಲಿ ಈ ಕೆಲಸವನ್ನು ಸೇನೆಗೆ ಕೊಡದೆ ರಾಷ್ಟ್ರೀಯ ಬಾಹ್ಯಾಕಾಶ ಸಂಸ್ಥೆಯ ತುಲೂಸ್ ಕೇಂದ್ರದ ಒಳಗೆ ಒಂದು ಪುಟ್ಟ ವಿಭಾಗಕ್ಕೆ ವಹಿಸಿದರು. ಹೆಸರು ಎರಡು ಸಲ ಬದಲಾಗಿದೆ, ಈಗ ಅದು ಗೆಪಾನ್ ಹೋಗಿ ಗೈಪಾನ್. ಹಳ್ಳಿಯ ಜನ ಏನಾದರೂ ಕಂಡರೆ ಸ್ಥಳೀಯ ಜಾಂಡಾರ್ಮ್ ಪೊಲೀಸರು ಕಳ್ಳತನಕ್ಕೆ ಹೇಗೋ ಹಾಗೆಯೇ ಹೇಳಿಕೆ ಬರೆದುಕೊಳ್ಳುತ್ತಾರೆ, ಅದು ವಿಜ್ಞಾನಿಗಳಿಗೆ ಹೋಗುತ್ತದೆ. ತನಿಖೆಯಾದ ಮೇಲೆ ಪ್ರಕರಣಕ್ಕೆ ಎ, ಬಿ, ಸಿ, ಡಿ ಎಂಬ ನಾಲ್ಕರಲ್ಲೊಂದು ದರ್ಜೆ. ಎ ಅಂದರೆ ಖಚಿತವಾಗಿ ಗುರುತಾದದ್ದು, ಬಿ ಬಹುಮಟ್ಟಿಗೆ ಗುರುತಾದದ್ದು, ಸಿ ಮಾಹಿತಿ ಸಾಲದ್ದು, ಡಿ ಮಾಹಿತಿ ಇದ್ದೂ ವಿವರಣೆ ಸಿಗದ್ದು. ಸಿಗೂ ಡಿಗೂ ನಡುವೆ ಎಳೆದ ಈ ಗೆರೆ ನೋಡಿ, ಬ್ಲೂ ಬುಕ್ ಅದನ್ನು ಇಷ್ಟು ಸ್ಪಷ್ಟವಾಗಿ ಎಳೆಯಲಿಲ್ಲ. ಡಿ ದರ್ಜೆಗೆ ಬರುವುದು ನೂರರಲ್ಲಿ ಕೆಲವೇ ಪ್ರಕರಣ. 1990ರ ನವೆಂಬರ್ 5ರ ಸಂಜೆ ದೇಶದ ಉದ್ದಗಲಕ್ಕೂ ಜನ ದೈತ್ಯಾಕಾರದ ತ್ರಿಕೋನ ನೌಕೆ ಕಂಡೆವೆಂದು ಬರೆದಾಗ, ಅದು ಸೋವಿಯತ್ ಪ್ರೋಟಾನ್ ರಾಕೆಟ್ಟಿನ ಮೂರನೇ ಹಂತ ಉರಿದುಬಿದ್ದದ್ದೆಂದು ತೀರ್ಮಾನವಾಯಿತು. ಝೋಂಡ್ ಕತೆಯೇ ಮತ್ತೆ. 2007ರಲ್ಲಿ ಹೆಸರು, ವಿಳಾಸ ಅಳಿಸಿ ಕಡತಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಫ್ರೆಂಚ್ ತನಿಖೆಗೂ ಟೀಕಾಕಾರರಿದ್ದಾರೆ, ಡಿ ದರ್ಜೆಯ ಕೆಲವು ಪ್ರಕರಣಗಳ ಬಗ್ಗೆ ತೀವ್ರ ವಾದಗಳಿವೆ. ಆದರೆ ಕಡತ ಎದುರಿಗಿದೆ, ವಾದಿಸಬಹುದು.

ನಮ್ಮ ದೇಶದ ಒಂದು ಪ್ರಸಂಗಕ್ಕೆ ಬರುತ್ತೇನೆ, ಅದರಲ್ಲಿ ಬೆಂಗಳೂರಿನ ಪಾತ್ರವಿದೆ. 2012ರ ಆಗಸ್ಟ್‌ನಿಂದ ಮರುವರ್ಷದ ಫೆಬ್ರವರಿವರೆಗೆ ಲಡಾಖ್‌ನ ಪಾಂಗಾಂಗ್ ಸರೋವರದ ಬಳಿ ನಮ್ಮ ಸೈನಿಕರು ರಾತ್ರಿ ಆಕಾಶದಲ್ಲಿ ಬೆಳಗುವ ವಸ್ತುಗಳನ್ನು 329 ಸಲ ದಾಖಲಿಸಿದರು. ಚೀನಾದ ಡ್ರೋನ್ ಎಂಬ ಅನುಮಾನ ಸಹಜವಾಗಿತ್ತು. ಸಾಕ್ಷಿಗಳು ನಾಗರಿಕರಲ್ಲ, ಗಡಿ ಕಾಯುವ ತರಬೇತಿ ಪಡೆದ ಕಣ್ಣುಗಳು. ಸೇನೆ ಕೋರಮಂಗಲದ ಭಾರತೀಯ ಖಗೋಳ ಭೌತ ಸಂಸ್ಥೆಯನ್ನು ಕೇಳಿತು. ಅದೇ ಲಡಾಖ್‌ನ ಹಾನ್ಲೆಯಲ್ಲಿ ದೂರದರ್ಶಕ ನಡೆಸುತ್ತಿರುವವರು ಅವರು. ಆಕಾಶದ್ದೋ ಭೂಮಿಯದ್ದೋ ಎಂಬುದಷ್ಟೇ ಅವರಿಗೆ ಒಪ್ಪಿಸಿದ ಪ್ರಶ್ನೆ. ಉತ್ತರ: ಗುರು ಮತ್ತು ಶುಕ್ರ. ಆ ಚಳಿಗಾಲದಲ್ಲಿ ಗುರು ಸಂಜೆಗೆ ಮೂಡಿ ರಾತ್ರಿಯಿಡೀ ಹೊಳೆಯುತ್ತಿತ್ತು, ಅದಕ್ಕೂ ಮೊದಲು ಬೆಳಗಿನ ಜಾವದಲ್ಲಿ ಬೆಳ್ಳಿ ಬರುತ್ತಿತ್ತು. ಆ ಎತ್ತರದ ತೆಳು ಗಾಳಿಯಲ್ಲಿ ಗ್ರಹಗಳ ಹೊಳಪು ಬಯಲುಸೀಮೆಯಲ್ಲಿ ಕಾಣುವಂಥದ್ದಲ್ಲ. ಪತ್ರಿಕೆಗಳು ಸೈನಿಕರನ್ನು ಗೇಲಿ ಮಾಡಿದವು. ನನಗೆ ಕಂಡದ್ದು ಬೇರೆ: ಪ್ರತಿ ರಾತ್ರಿಯೂ ಬಿಡದೆ ಬರೆದಿಟ್ಟ ಆ ದಾಖಲೆ ಇರದಿದ್ದರೆ ಖಗೋಳ ವಿಜ್ಞಾನಿಗಳ ಕೈಗೆ ಲೆಕ್ಕ ಹಾಕಲು ಏನೂ ಸಿಗುತ್ತಿರಲಿಲ್ಲ.

2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದ ಆಕಾಶದಲ್ಲಿ ಬೆಂಕಿಯ ಸಾಲು ಹೋದಾಗ, ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು. ಚೀನಾದ ರಾಕೆಟ್ಟಿನ ಚೂರು ಎಂಬ ನಿರ್ಧಾರಕ್ಕೆ ಬರಲು ಆ ಬಳೆ ನೆರವಾಯಿತು. ಹಾಗೆ ಬಿದ್ದು ಸಾಕ್ಷಿ ಹೇಳುವ ಚೂರು ಎಲ್ಲ ಸಲ ಸಿಗುವುದಿಲ್ಲ. ಈಗಂತೂ ಸ್ಟಾರ್‌ಲಿಂಕ್ ಉಪಗ್ರಹಗಳು ಮಣಿಸರದ ಹಾಗೆ ಸಾಗುವುದನ್ನು ಕಂಡು ಜನ ಮೊಬೈಲ್ ಎತ್ತುತ್ತಾರೆ. ಬರೀ ಕಪ್ಪು ಹಿನ್ನೆಲೆಯ, ನಡುಗುವ ಆ ವಿಡಿಯೋದಿಂದ ತನಿಖೆಗೆ ಹೆಚ್ಚು ಪ್ರಯೋಜನವಿಲ್ಲ.

ಆದ್ದರಿಂದ ಸಭಿಕರಲ್ಲಿ ಎರಡು ಕೋರಿಕೆ. ನಿಮಗೆ ಏನಾದರೂ ಕಂಡರೆ ಮೊದಲು ಗಡಿಯಾರ ನೋಡಿ. ನಿಂತ ಜಾಗ ಬಿಡಬೇಡಿ. ಅದು ಯಾವ ತೆಂಗಿನ ಮರದ, ಯಾವ ನೀರಿನ ಟ್ಯಾಂಕಿನ ನೇರಕ್ಕಿದೆ ಎಂದು ಗುರುತಿಟ್ಟುಕೊಳ್ಳಿ. ಕೈ ನೀಡಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಅದು ಹೆಚ್ಚುಕಡಿಮೆ ಹತ್ತು ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಎತ್ತರ, ಎಷ್ಟು ನಿಮಿಷ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಎಂಬುದನ್ನು ಪಕ್ಕದವರ ಜೊತೆ ಚರ್ಚಿಸುವ ಮೊದಲೇ ಚೀಟಿಯಲ್ಲಿ ಬರೆಯಿರಿ. ನೀವು ಊಹಿಸಿದ್ದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಎರಡನೆಯದು ಸಭೆಯಲ್ಲಿರುವ ಅಧಿಕಾರಿಗಳಿಗೆ, ವಿಜ್ಞಾನ ಕೇಂದ್ರಗಳವರಿಗೆ. ಅಂಥ ಚೀಟಿ ನಿಮ್ಮ ಮೇಜಿಗೆ ಬಂದರೆ ನಗಬೇಡಿ, ಅವತ್ತೇ ಉತ್ತರ ಕೊಡಲೂ ಹೋಗಬೇಡಿ. ನಕ್ಷತ್ರ ಪಟ ತೆಗೆದು ನೋಡಿ, ಬಲ್ಲವರನ್ನು ಕೇಳಿ, ಗೊತ್ತಾದದ್ದನ್ನೂ ಗೊತ್ತಾಗದ್ದನ್ನೂ ಬರೆದು, ಚೀಟಿ ಕಳಿಸಿದವರ ವಿಳಾಸಕ್ಕೆ ಒಂದು ಪತ್ರ ಹಾಕಿ. ಪತ್ರಿಕಾಗೋಷ್ಠಿ ಅದರ ಆಮೇಲೆ.